ನಾನು ತವರುಮನೆಯಾಗಿದ್ದ ವರ್ಷ

ಮೊನ್ನೆ ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಅಮ್ಮನ ಜೊತೆ ಮಾರ್ಕೆಟ್ಟಿಗೆ ಹೋಗಿದ್ದೆ. ಮೊರ ಮಾರುವವರ ಸಾಲಿನ ಮುಂದೆ ಹಾದುಹೋಗುವಾಗ ಹಸಿ ಬಿದಿರು, ಅರಿಸಿನ, ಒದ್ದೆ ಗೋಣಿಚೀಲ ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಕಾಲು ಅಲ್ಲೇ ನಿಂತುಬಿಟ್ಟಿತು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಅಮ್ಮ ತಿರುಗಿ, "ಏನೋ, ಈ ವರ್ಷವೂ ಯಾರನ್ನಾದ್ರೂ ಕೂಗ್ಬುಟ್ಯಾ?" ಎಂದಳು. ಮೊರದಂಗಡಿಯಾತ ನಮ್ಮಿಬ್ಬರ ಮುಖವನ್ನೂ ನೋಡಿದ. ಅವನಿಗೆ ಅರ್ಥವಾಗಬೇಕಾದರೆ ಮೂರು ವರ್ಷ ಹಿಂದಕ್ಕೆ, ಹೊಳೆ ನಡುವಿನ ಒಂದು ಊರಿಗೆ ಹೋಗಬೇಕಾಗುತ್ತದೆ.

ನನ್ನ ಹೆಸರು ಪ್ರಶಾಂತ. ಮಗು ಮಾತಾಡುವ ತನಕ ಕಾದು ಹೆಸರಿಡಬೇಕಿತ್ತು ಎಂದು ಕೃಷ್ಣಮೂರ್ತಿಪುರಂನ ನಮ್ಮ ಬೀದಿಯವರು ಈಗಲೂ ಹೇಳುತ್ತಾರೆ. ಎಲ್ಲರೂ ಕರೆಯುವುದು ಪಚ್ಚಿ ಎಂದು. ನನಗೆ ಬರುವುದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಎದುರುಮನೆ ಹೆಡ್ಮಾಸ್ಟರು ಸೀನುವುದನ್ನು ಮಾಡಿ ಅವರ ಹೆಂಡತಿಯಿಂದ ಎರಡು ಸಲ ಬಿಸಿನೀರು ತರಿಸಿದ್ದೇನೆ. ಹಾಲಿನವನಾಗಿ ಕೂಗಿ ಇಡೀ ಬೀದಿಯ ಪಾತ್ರೆಗಳನ್ನು ಗೇಟಿಗೆ ಕರೆಸಿದ್ದೇನೆ. ಇಷ್ಟು ಪ್ರತಿಭೆ ಇದ್ದರೂ ಡಿಗ್ರಿಯಲ್ಲಿ ಎರಡು ಸಬ್ಜೆಕ್ಟು ಉಳಿದವು, ಯಾಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕು, ಲೆಕ್ಚರರ ಹಾಗೆ ಕೆಮ್ಮಿದರೆ ಮಾರ್ಕ್ಸು ಕೊಡುವುದಿಲ್ಲ. ಆಗ ನಜರ್‌ಬಾದಿನಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿರುವ ನನ್ನ ಸೋದರಮಾವ, "ಬಾಯಿ ಹೆಂಗಿದ್ರೂ ಅದೆ, ವೈರ್ ಹಿಡಿಯೋದು ಕಲ್ತ್ಕೊ ಬಾ" ಎಂದು ಕರೆದುಕೊಂಡ.

ನನ್ನ ಮೊದಲ ಡ್ಯೂಟಿ ಹೊಂಗೆಗಡ್ಡೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುವ ನಡುವೆ ಮಲಗಿದ ನಲವತ್ತು ಮನೆಯ ಊರು. ಮೈಸೂರಿನಿಂದ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಊರಿನ ಯುವಕರ ಸಂಘದವರು ಆ ಗೌರಿಯಿಂದ ಮುಂದಿನ ಗೌರಿಯವರೆಗೆ ಎಲ್ಲ ಹಬ್ಬಕ್ಕೂ ನಮ್ಮ ಮೈಕನ್ನೇ ಗೊತ್ತುಮಾಡಿದ್ದರು. ಗಡ್ಡೆಯ ಹಿಂದಣ ಕವಲಿಗೆ ಸೇತುವೆ ಇದೆ. ಹಾಲಿನ ಟೆಂಪೊ, ಗ್ಯಾಸ್ ಸಿಲಿಂಡರು, ಶಾಲೆ ಮಕ್ಕಳು, ನಮ್ಮ ಸ್ಪೀಕರು, ಎಲ್ಲವೂ ಬರುವುದು ಅಲ್ಲಿಂದಲೇ. ಆದರೆ ಗೌರಿ ಹಬ್ಬದ ದಿನ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮಾತ್ರ ಸೇತುವೆ ಮೇಲೆ ಬರುವಂತಿಲ್ಲ. ಮುಂದಿನ ದೊಡ್ಡ ಕವಲಿನ ಆಚೆ ದಡದಲ್ಲಿ ಅವರು ಬಂದು ಕೂರಬೇಕು. ಈಚೆ ದಡದಿಂದ ಅವರವರ ಮನೆಯ ಹಿರಿಯರು ಬರಿ ಗಂಟಲಲ್ಲಿ ಕೂಗಬೇಕು: ಮನೆಯ ಹೆಸರು, ಮಗಳ ಹೆಸರು, ಆಮೇಲೆ "ತವರು ಕರೀತದೆ ಬಾರವ್ವೋ." ಕೂಗು ಕೇಳಿದವಳು ತೆಪ್ಪ ಹತ್ತಬೇಕು. ತೆಪ್ಪ ಎಂದರೆ ದೊಡ್ಡ ಬುಟ್ಟಿಯಂಥ ದುಂಡನೆಯ ದೋಣಿ. ಆ ದಿನ ಆಚೆ ದಡದಲ್ಲಿ ಕೂಗಿಸಿಕೊಳ್ಳದೆ ಯಾರೂ, ಅಧಿಕಾರಿಯೇ ಬರಲಿ, ಅದಕ್ಕೆ ಕಾಲಿಡುವಂತಿಲ್ಲ.

ಸಂಘದ ಹುಡುಗರು ಈ ಕೂಗನ್ನು ಮೈಕಿನಲ್ಲಿ ಮಾಡಿಸೋಣ ಎಂದು ಹಟ ಹಿಡಿದಿದ್ದರು. ತೆಪ್ಪ ಹಾಕುವ ಮರಿಯಪ್ಪ ಒಂದೇ ಮಾತಿನಲ್ಲಿ ಮುಗಿಸಿದ: "ಮೈಕ್ ಕೂಗುದ್ರೆ ಮೈಕೇ ತವರು. ಬಾಗಿನಾನೂ ಅದೇ ಕೊಡ್ಲಿ." ಹೀಗಾಗಿ ಮಧ್ಯಾಹ್ನದವರೆಗೆ ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ನನ್ನ ಬಾಯಿ ಊರಿಗೆ ಒಳ್ಳೆಯದಲ್ಲ.

ಬೆಳಗ್ಗೆಯಿಂದ ಒಬ್ಬೊಬ್ಬರೇ ಹಿರಿಯರು ಕೂಗಿದ್ದನ್ನು ಕೇಳಿ, ಅವರು ಅತ್ತ ಹೋದ ಕೂಡಲೇ ಅವರ ಹಾಗೇ ಮೆಲ್ಲಗೆ ಕೂಗಿ ತೋರಿಸುತ್ತಿದ್ದೆ. ದಡದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮೂಲೆಮನೆ ಸಿದ್ದೇಗೌಡರದು ಮಾತ್ರ ಬೇರೆಯೇ ಗಂಟಲು. ಅರವತ್ತು ದಾಟಿದ ಮನುಷ್ಯ, ಕಡ್ಡಿಯ ಹಾಗೆ ಇದ್ದರೂ ದನಿ ತಾಮ್ರದ ಹಂಡೆಯೊಳಗಿಂದ ಬಂದಂತೆ. ಅವರು ತೀರಿಹೋದ ತಮ್ಮನ ಇಬ್ಬರು ಹೆಣ್ಣುಮಕ್ಕಳನ್ನು ಕೂಗಿದರು. ಇಬ್ಬರೂ ತೆಪ್ಪ ಹತ್ತಿದರು. ಆಚೆ ದಡದ ಮರದ ಕೆಳಗೆ ಹಸಿರು ಸೀರೆಯ ಇನ್ನೊಬ್ಬಳು ಕೂತೇ ಇದ್ದಳು. ಸಿದ್ದೇಗೌಡರು ಆ ಕಡೆ ಒಂದು ಗಳಿಗೆ ನೋಡಿ, ಬೆನ್ನು ತಿರುಗಿಸಿ, ಎತ್ತುಗಳಿಗೆ ನೀರು ಕುಡಿಸಲು ಹೋದರು.

"ಅದ್ಯಾರು?" ಎಂದು ಮರಿಯಪ್ಪನನ್ನು ಕೇಳಿದೆ.

"ಅವ್ರ ಸ್ವಂತ ಮಗಳು ಭಾಗ್ಯ. ಮೈಸೂರ್ನಲ್ಲಿ, ಹೂಟಗಳ್ಳೀಲಿ ಫ್ಯಾಕ್ಟರಿ ಕೆಲಸ. ಜೊತೇಲಿ ಕೆಲಸ ಮಾಡೋನ್ನ ಅಪ್ಪಂಗೆ ಹೇಳ್ದೆ ಕಟ್ಕೊಂಡ್ಳು. ಎಂಟು ವರ್ಸ ಆಯ್ತು. ಪ್ರತಿ ಗೌರೀಗೂ ಬತ್ತಾಳೆ, ಕೂತ್ಕತಾಳೆ, ಮೂರು ಗಂಟೆ ಬಸ್ಸಿಗೆ ವಾಪಸ್ ಹೋಯ್ತಾಳೆ. ಗೌಡ್ರು ಕೂಗಲ್ಲ."

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಈಗ ತಾನೇ ಕೇಳಿಸಿಕೊಂಡಿದ್ದೆ. ಆದರೆ ಹೆಂಗಸರಲ್ಲೊಬ್ಬಳು, "ಗೌಡ್ರಂಗೆ ಕೂಗು ನೋಡುವ, ನಿನ್ ಕೈಲಾಗಲ್ಲ ಬುಡು" ಎಂದಳು. ಕೈಲಾಗಲ್ಲ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ತಲೆ ಇದೆಯೆಂಬುದೇ ಮರೆತುಹೋಗುತ್ತದೆ. ಎದ್ದು ನಿಂತೆ. ಹೊಟ್ಟೆಯಿಂದ ಉಸಿರು ಎಳೆದೆ.

"ಮೂಲೆಮನೇ... ಭಾಗ್ಯಾ... ತವರು ಕರೀತದೆ ಬಾರವ್ವೋ!"

ಇಷ್ಟು ಚೆನ್ನಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಯಾರೂ ನಗಲಿಲ್ಲ. ಆಚೆ ದಡದಲ್ಲಿ ಹಸಿರು ಸೀರೆ ಎದ್ದು ನಿಂತಿತು. ಚೀಲ ಕೈಗೆತ್ತಿಕೊಂಡಿತು, ಕೆಳಗಿಟ್ಟಿತು, ಮತ್ತೆ ಎತ್ತಿಕೊಂಡಿತು. ಆಮೇಲೆ ಓಡಿತು. ಆಚೆ ಇದ್ದ ಎರಡನೇ ತೆಪ್ಪದವನಿಗೆ ನಮ್ಮ ಆಟ ಏನು ಗೊತ್ತು, ಹತ್ತಿಸಿಕೊಂಡೇಬಿಟ್ಟ.

ತೆಪ್ಪ ಹೊಳೆಯ ನಡುವೆ ಗಿರಕಿ ಹೊಡೆಯುತ್ತಿರುವಾಗ ಸಿದ್ದೇಗೌಡರು ಎತ್ತು ಹಿಡಿದುಕೊಂಡು ಬಂದರು. ತೆಪ್ಪ ನೋಡಿದರು. ನಮ್ಮನ್ನು ನೋಡಿದರು.

"ಯಾರು ಕೂಗ್ದೋರು?"

ನನ್ನ ಬಳಿ ಆಗ ನೂರು ಜನರ ದನಿ ಇತ್ತು, ಯಾವುದೂ ಉಪಯೋಗಕ್ಕೆ ಬರಲಿಲ್ಲ. "ನಾನು" ಎಂದೆ. ಅಷ್ಟರಲ್ಲಿ ತೆಪ್ಪ ದಡಕ್ಕೆ ತಾಗಿತ್ತು. ಭಾಗ್ಯಕ್ಕನಿಗೂ ಅದು ಕೇಳಿಸಿತು. ಅವಳ ಮುಖದಲ್ಲಿ ಬೆಳಗಿದ್ದೆಲ್ಲ ಒಂದೊಂದಾಗಿ ಆರಿದ್ದನ್ನು ನಾನು ನೋಡಿದೆ. ನೋಡದೆ ಇದ್ದಿದ್ದರೆ ಚೆನ್ನಾಗಿತ್ತು.

ಸಿದ್ದೇಗೌಡರು ಅವಳನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ನನ್ನ ಕಡೆ ತಿರುಗಿ, "ಗಡ್ಡೆ ಮೇಲೆ ಕಾಲಿಟ್ಟ ಹೆಣ್ಮಗಳ್ನ ಬರಿಗೈಲಿ ಕಳ್ಸೋ ಪದ್ಧತಿ ಇಲ್ಲ. ಕೂಗ್ದೋನೇ ತವರು. ನೀನೇ ಮಾಡು ವರ್ಸ ಪೂರ್ತಿ" ಎಂದು ಹೇಳಿ ಎತ್ತು ಹೊಡೆದುಕೊಂಡು ಹೋದರು.

ಭಾಗ್ಯಕ್ಕ ತೆಪ್ಪದ ಅಂಚು ಹಿಡಿದುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ತುಂಬಿತ್ತು.

"ಎಷ್ಟು ವಯಸ್ಸೋ ನಿಂಗೆ?"

"ಇಪ್ಪತ್ಮೂರು ಅಕ್ಕ."

"ನನ್ ತವರಿಗೆ ಇನ್ನೂ ಸರಿಯಾಗಿ ಮೀಸೇನೇ ಬಂದಿಲ್ವಲ್ಲೋ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಕೆಳಗಿಳಿದಳು.

ನನ್ನ ತವರುಮನೆ ಎಂದರೆ ಊರ ಶಾಲೆಯ ಜಗುಲಿ, ನಮ್ಮ ಮೈಕಿನ ಪೆಟ್ಟಿಗೆಗಳನ್ನು ಇಳಿಸಿದ್ದ ಜಾಗ. ಒಂದು ಆಂಪ್ಲಿಫೈಯರಿನ ಮೇಲೆ ಟವೆಲು ಹಾಸಿ ಕೂರಿಸಿದೆ. ಮರಿಯಪ್ಪನ ಹೆಂಡತಿ ಕೆಂಪಮ್ಮ ಒಂದು ಹೊಸ ಮೊರ ಕೊಟ್ಟರು. ಅದಕ್ಕೆ ಏನು ತುಂಬಬೇಕೆಂದು ಅಮ್ಮನಿಗೆ ಫೋನು ಮಾಡಿದೆ. ನಡೆದದ್ದು ಕೇಳಿದ ಅಮ್ಮ, "ಮದುವೆ ಆಗೋಕ್ ಮುಂಚೇನೇ ಹೆಣ್ಣು ಕೊಟ್ಟ ಮನೆ ಆಗ್ಬುಟ್ಯಲ್ಲೋ, ಅಯ್ಯೋ ನನ್ ಮಗನೇ" ಎಂದಳು. ಆಮೇಲೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ ಎಂದು ಪಟ್ಟಿ ಹೇಳತೊಡಗಿದಳು. ಬಿಚ್ಚೋಲೆ ಎಂದರೆ ಏನೆಂದು ಕೇಳಿದ್ದಕ್ಕೆ ಭಾಗ್ಯಕ್ಕನೇ ಫೋನು ಕಸಿದುಕೊಂಡು, "ನೀವು ಬುಡಿ ಅಮ್ಮ, ನನ್ ತವರಿಗೆ ನಾನೇ ಹೇಳ್ಕೊಡ್ತೀನಿ" ಎಂದಳು. ಬಿಚ್ಚೋಲೆ ಎಂದರೆ ಬಳೆಯ ಜೊತೆ ಇಡುವ ಕಪ್ಪು ಓಲೆಯಂತೆ. ಅವಳೇ ಜೋಡಿಸಿದಳು, ನಾನು ಕೊಟ್ಟೆ, ಅವಳೇ ತೆಗೆದುಕೊಂಡಳು. ಊಟಕ್ಕೆ ಕೆಂಪಮ್ಮನ ಮನೆಯ ಒಬ್ಬಟ್ಟು ಬಂತು. ಮೂಲೆಮನೆಯ ಹೆಂಚು ಶಾಲೆಯ ಜಗುಲಿಯಿಂದ ಕಾಣುತ್ತದೆ. ಅವಳು ಆ ಕಡೆಗೆ ಬೆನ್ನು ಮಾಡಿ ಉಂಡಳು.

ಹೀಗೆ ಶುರುವಾಯಿತು ನನ್ನ ವರ್ಷ. ತವರಾದ ಮೇಲೆ ಹಬ್ಬಕ್ಕೆ ಹಬ್ಬಕ್ಕೆ ಮಗಳ ಮನೆಗೆ ಹೋಗಿ ಬರಬೇಕು. ಬೇಡವೆಂದರೆ ಸಂಘದ ಹುಡುಗರು ಬಿಡಬೇಕಲ್ಲ, "ಏನ್ ತವರೇ, ದೀಪಾವಳಿಗೆ ಕರದ್ಯಾ?" ಎಂದು ನಡುಮೈಕಿನಲ್ಲೇ ಕೇಳುತ್ತಿದ್ದರು. ದೀಪಾವಳಿಗೆ ಎಣ್ಣೆ, ಸೀಗೆಪುಡಿ ಹಿಡಿದು ಹೂಟಗಳ್ಳಿಗೆ ಹೋದೆ. ಎರಡು ಕೋಣೆಯ ಮನೆ. ಗಂಡ ಪ್ರಕಾಶ ಶಿಫ್ಟು ಮುಗಿಸಿ ಬಂದು, "ಬನ್ನಿ ಮಾವ" ಎಂದು ನನಗೇ ನಮಸ್ಕಾರ ಮಾಡಿದ. ನನಗಿಂತ ಹನ್ನೆರಡು ವರ್ಷ ದೊಡ್ಡವನು! ಅವರ ಆರು ವರ್ಷದ ಮಗಳು ನನ್ನನ್ನು "ಗಡ್ಡೆ ತಾತ" ಎಂದು ಕರೆಯಲು ಶುರು ಮಾಡಿದಳು. ಮದುವೆಯಾಗದೆ ತಾತನಾದವನು ಕೃಷ್ಣಮೂರ್ತಿಪುರಂನಲ್ಲಿ ನಾನೊಬ್ಬನೇ ಇರಬೇಕು.

ಹೊರಡುವ ಹೊತ್ತಿಗೆ ಭಾಗ್ಯಕ್ಕ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಒಂದ್ಸಲ ಅಪ್ಪನಂಗೆ ಬೈಯೋ."

"ಏನಂತ ಬೈಲಿ?"

"ಎತ್ತಿಗೆ ಬೈತಾರಲ್ಲ, ಹಂಗೆ."

ಸಿದ್ದೇಗೌಡರಾಗಿ ಎತ್ತಿಗೆ ಬೈದೆ. "ಹೋಗ್ಲಾ ಮೈಗಳ್ಳ, ನಿಮ್ಮಪ್ಪ ಗೇದವ್ನಾ ನೀನ್ ಗೇಯಾಕೆ!" ಮಗು ಬಿದ್ದು ಬಿದ್ದು ನಕ್ಕಿತು. ಭಾಗ್ಯಕ್ಕನೂ ನಕ್ಕಳು. ಆಮೇಲೆ ಒಗ್ಗರಣೆಯ ಸಾಸಿವೆ ಕರಿಯಾಗುವ ತನಕ ತಿರುವುತ್ತಲೇ ಇದ್ದಳು. ಅಲ್ಲಿಯವರೆಗೂ ನಾನು ಮಾಡುವುದು ಬರೀ ತಮಾಷೆ ಎಂದುಕೊಂಡಿದ್ದೆ. ಆ ಕರಿ ಸಾಸಿವೆಯ ವಾಸನೆಯಲ್ಲಿ ನಿಂತು, ಒಬ್ಬರ ದನಿಯನ್ನು ಹೊತ್ತು ತಿರುಗುವುದು ತೂಕದ ಕೆಲಸ ಎನ್ನಿಸಿತು.

ಆ ಕಡೆ ಗಡ್ಡೆಯಲ್ಲೂ ಏನೋ ಅಲುಗಾಡುತ್ತಿತ್ತು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ನಾನು ಮೈಕಿನಲ್ಲಿ ಯಾರ ಎತ್ತು ಹಾರಿತು, ಯಾರ ಎತ್ತು ಯಜಮಾನನನ್ನೇ ಎಳೆದುಕೊಂಡು ಓಡಿತು ಎಂದು ಹೇಳುತ್ತಿದ್ದೆ. ಹೊಳೆಯ ಮಂಜು, ಹುಲ್ಲಿನ ಹೊಗೆ ಎರಡೂ ಬೆರೆತು ಊರೆಲ್ಲ ಬೂದುಬಣ್ಣವಾಗಿತ್ತು. ಸಿದ್ದೇಗೌಡರು ಬಂದು ಸ್ಪೀಕರಿನ ಕಂಬಕ್ಕೆ ಒರಗಿ ನಿಂತರು. ನನ್ನನ್ನು ನೋಡದೆ, "ಎಳ್ಳು ಬೀರೋಕೆ ಹೋಗಿದ್ಯಾ ಅಲ್ಲಿಗೆ?" ಎಂದರು.

"ಬೆಳಗ್ಗೆ ಹೋಗಿದ್ದೆ ಗೌಡ್ರೇ."

"ಏನಂತು ಕೂಸು?"

ನಾನು ಮೈಕ್ ಆಫ್ ಮಾಡಿದೆ. ಭಾಗ್ಯಕ್ಕನ ದನಿಯಲ್ಲೇ ಹೇಳಿದೆ: "ನಮ್ಮಪ್ಪಂಗೆ ಹಲ್ಲಿಲ್ಲ ಕಣೋ, ಕೊಬ್ಬರಿ ತೆಳ್ಳಗೆ ಹೆಚ್ಚಿದೀನಿ ಅಂತ ಯಾರಿಗೂ ಹೇಳ್ಬೇಡ, ಸುಮ್ನೆ ಕೆಂಪಮ್ಮನ ಕೈಲಿ ಕೊಡ್ಸು."

"ಬಾಯ್ಮುಚ್ಲಾ" ಎಂದರು ಸಿದ್ದೇಗೌಡರು. ಮುಚ್ಚಿದೆ. ಕಿಚ್ಚಿನಲ್ಲಿ ಇನ್ನೂ ಎರಡು ಜೊತೆ ಎತ್ತು ಹಾರಿದವು. ಆಮೇಲೆ ಕಂಬದ ಕಡೆಯಿಂದ ಸಣ್ಣಗೆ, "ಇನ್ನೊಂದ್ಸಲ ಅನ್ನು" ಎಂದು ಕೇಳಿಸಿತು.

ಯುಗಾದಿಗೆ ಗಡ್ಡೆಯವರೆಲ್ಲ ಸೇರಿ ವರ್ಷದ ಮೊದಲ ಉಳುಮೆ ಹೂಡುತ್ತಾರೆ, ಹೊನ್ನಾರು ಎನ್ನುತ್ತಾರೆ ಅದನ್ನು. ಅಂದೂ ಹೀಗೇ ಆಯಿತು. ಅವರು ಕೇಳುವುದು, ನಾನು ಅವಳಾಗುವುದು. ನಾನು ಹೂಟಗಳ್ಳಿಗೆ ಹೋಗುವುದು, ಅವಳು ಕೇಳುವುದು, ನಾನು ಅವರಾಗುವುದು. ಇಬ್ಬರಿಗೂ ಇದು ಸುಖವಾಗಿ ಒಗ್ಗಿಬಿಟ್ಟಿತ್ತು. ಅಲ್ಲೇ ನನಗೆ ಭಯ ಹುಟ್ಟಿತು. ನಾನು ಸೇತುವೆಯಾಗಿದ್ದೇನೆಂದು ಬೀಗುತ್ತಿದ್ದೆ, ನಿಜಕ್ಕೂ ನೋಡಿದರೆ ನಾನಿದ್ದೇನೆ ಎಂಬ ಕಾರಣಕ್ಕೇ ಇಬ್ಬರೂ ಹೊಳೆ ದಾಟದೆ ಕೂತಿದ್ದರು.

ಮುಂದಿನ ಗೌರಿಗೆ ವಾರವಿರುವಾಗ ಭಾಗ್ಯಕ್ಕ ಖಡಾಖಂಡಿತ ಹೇಳಿದಳು. "ನೋಡು ಪಚ್ಚಿ, ಈ ಸಲ ಅಪ್ಪನ ದನೀಲಿ ಕೂಗ್ಬೇಡ. ನಿನ್ ದನೀಲಿ ಕೂಗು, ಬತ್ತೀನಿ, ಶಾಲೆ ಜಗುಲೀಲಿ ಉಂಡು ಹೋಯ್ತೀನಿ. ಅವರ ದನೀಲಿ ಕೂಗಿದ್ಯೋ, ಬಸ್ ಹತ್ಬುಡ್ತೀನಿ, ಮತ್ತೆ ಯಾವ ಗೌರೀಗೂ ಆ ದಡಕ್ಕೆ ಬರಲ್ಲ. ಒಂದ್ಸಲ ಮೋಸ ಹೋದದ್ದು ಸಾಕು."

ಹಬ್ಬದ ದಿನ ಬೆಳಗ್ಗೆಯಿಂದ ತುಂತುರು. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ಏರುತ್ತಿತ್ತು. ಆಚೆ ದಡದ ಹೆಣ್ಣುಮಕ್ಕಳೆಲ್ಲ ಬೇಗ ಬೇಗ ದಾಟಿದರು. ಮರದ ಕೆಳಗೆ ಭಾಗ್ಯಕ್ಕ ಒಬ್ಬಳೇ ಉಳಿದಳು, ಕೊಡೆ ಹಿಡಿದುಕೊಂಡು. ಊರವರು ನನ್ನ ಮುಖ ನೋಡಿದರು. ಸಿದ್ದೇಗೌಡರೂ ನೋಡಿದರು.

"ಕೂಗ್ಲಾ, ಹೊತ್ತಾಗ್ತದೆ."

"ಈ ವರ್ಷ ನಾನು ಕೂಗಲ್ಲ ಗೌಡ್ರೇ."

"ಯಾಕೆ, ಗಂಟಲು ಹೋಯ್ತಾ?"

"ಗಂಟಲು ನಿಮ್ದು. ವಾಪಸ್ ಕೊಡ್ತಾ ಇದೀನಿ."

ಇದನ್ನು ಧೈರ್ಯ ಎಂದುಕೊಳ್ಳಬೇಡಿ. ಅವರು ಕೂಗದಿದ್ದರೆ ಮೂರು ಗಂಟೆಗೆ ಅವಳು ಹೊರಟುಹೋಗುತ್ತಾಳೆ, ಶಾಲೆಯ ಜಗುಲಿಯೂ ಹೋಯಿತು, ಮೂಲೆಮನೆಯೂ ಹೋಯಿತು. ಮರಿಯಪ್ಪ ಹುಟ್ಟನ್ನು ನೆಲಕ್ಕೆ ಕುಟ್ಟಿ, "ನೀರು ಏರ್ತಾ ಅದೆ. ಇನ್ನೊಂದೇ ಸಲ ಹೋಗಿ ಬರೋದು ನಾನು. ಆಮೇಲೆ ಯಾರು ಕೂಗುದ್ರೂ ಇಲ್ಲ" ಎಂದ.

ಸಿದ್ದೇಗೌಡರು ನೀರಿನ ಅಂಚಿಗೆ ನಡೆದರು. ಎರಡು ಸಲ ಬಾಯಿ ತೆರೆದು ಮುಚ್ಚಿದರು. ಮೂರನೇ ಸಲ ಕೂಗಿಬಿಟ್ಟರು.

"ಮೂಲೆಮನೇ... ಭಾಗ್ಯಾ... ತವರು ಕರೀತದೆ ಬಾರವ್ವೋ!"

ದಡದ ಮೇಲಿದ್ದವರೆಲ್ಲ ತಿರುಗಿ ನನ್ನ ಬಾಯಿ ನೋಡಿದರು. ನನ್ನ ಬಾಯಿ ತುಂಬ ಕಡುಬು ಇತ್ತು, ಹೆದರಿಕೆಗೆ ತಿನ್ನುತ್ತಿದ್ದೆ. ಆಚೆ ದಡದಲ್ಲಿ ಭಾಗ್ಯಕ್ಕ ಕೊಡೆ ಮಡಿಸಿದಳು. ಚೀಲ ಹೆಗಲಿಗೇರಿಸಿದಳು. ಹೊಳೆಯ ಕಡೆಗಲ್ಲ, ರಸ್ತೆಯ ಕಡೆಗೆ ತಿರುಗಿದಳು. "ಸಾಕು ಬುಡೋ ಪಚ್ಚೀ!" ಎಂಬ ಕೂಗು ನೀರಿನ ಮೇಲೆ ಒಡೆದು ಒಡೆದು ಬಂತು.

ಒಂಬತ್ತು ವರ್ಷಕ್ಕೆ ಒಮ್ಮೆ ಅಪ್ಪ ನಿಜವಾಗಿ ಕೂಗಿದ್ದಾನೆ, ಅದು ನಾನೆಂದುಕೊಂಡು ಅವಳು ಹೊರಟಿದ್ದಾಳೆ! ಕೈ ಬೀಸಿದೆ, ಕುಣಿದೆ. ಅಷ್ಟು ದೂರಕ್ಕೆ ಅದೂ ನನ್ನ ಕೋತಿಯಾಟವೇ ಆಗಿ ಕಂಡಿರಬೇಕು. "ನಾನಲ್ಲ" ಎಂದು ಕೂಗಿದರೆ ಯಾರು ನಂಬುತ್ತಾರೆ? ನನ್ನ ಬಾಯಿಂದ ಬರುವ ಯಾವ ಮಾತಿಗೂ ಆಗ ಬೆಲೆ ಇರಲಿಲ್ಲ. ನನಗೆ ಒಂದೇ ದಾರಿ ಹೊಳೆಯಿತು. ಮರಿಯಪ್ಪನ ತೆಪ್ಪಕ್ಕೆ ಜಿಗಿದೆ.

"ನಡಿ ಮರಿಯಪ್ಪಣ್ಣ! ಅವಳ ಪಕ್ಕಕ್ಕೆ ಹೋಗಿ ನಿಂತ್ಕಬೇಕು!"

ಮರಿಯಪ್ಪನಿಗೆ ತಕ್ಷಣ ಅರ್ಥವಾಯಿತು. ಹುಟ್ಟು ಹಾಕಿದ ರಭಸಕ್ಕೆ ತೆಪ್ಪ ಬುಗುರಿಯಾಯಿತು, ನಾನು ತಳದಲ್ಲಿ ಕೂತು ತಿಂದ ಕಡುಬನ್ನೆಲ್ಲ ಕಾವೇರಿಗೆ ಅರ್ಪಿಸಿದೆ. ಆಚೆ ದಡ ಸಿಕ್ಕ ಕೂಡಲೇ ಕೆಸರಿನಲ್ಲಿ ಜಾರಿ ಬಿದ್ದು ಎದ್ದು ಓಡಿದೆ. ರಸ್ತೆಯ ಹತ್ತಿರ ಅವಳ ಮುಂದೆ ಹೋಗಿ ನಿಂತೆ. ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡೆ.

"ಏನೋ ಇದು ಅವತಾರ?" ಎಂದಳು.

ನಾನು ಮಾತಾಡಲಿಲ್ಲ. ಹೊಳೆಯ ಕಡೆಗೆ ಗದ್ದ ತೋರಿಸಿದೆ. ಹುಟ್ಟಿದಾಗಿನಿಂದ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಸಿದ್ದೇಗೌಡರೇ, ಇನ್ನೊಂದ್ಸಲ, ಇನ್ನೊಂದೇ ಒಂದ್ಸಲ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

ಕೂಗು ಬಂತು. ಈ ಸಲ ಅದರಲ್ಲಿ ಮನೆಯ ಹೆಸರಿರಲಿಲ್ಲ, ಪದ್ಧತಿಯ ಮಾತೂ ಇರಲಿಲ್ಲ. ಹಂಡೆಯಂಥ ಆ ದನಿ ನಡುವೆ ಬಿರುಕು ಬಿಟ್ಟಿತ್ತು.

"ಭಾಗ್ಯಾ... ಹೋಗ್ಬೇಡ ಕಣವ್ವಾ... ನಾನೇ ಕಣವ್ವಾ!"

ಭಾಗ್ಯಕ್ಕ ಮೊದಲು ನೋಡಿದ್ದು ನನ್ನ ಬಾಯಿ. ನನ್ನ ಕೈಗಳನ್ನು ಹಿಡಿದು ಕೆಳಗಿಳಿಸಿ ಮತ್ತೆ ನೋಡಿದಳು. ತುಟಿ ಬಿಗಿಯಾಗಿ ಮುಚ್ಚಿತ್ತು. ಆಚೆಯಿಂದ ಇನ್ನೊಮ್ಮೆ "ಭಾಗ್ಯಾ" ಎಂದು ಕೇಳಿಸಿತು. ಅವಳ ಕೈಯಿಂದ ಕೊಡೆ ಬಿತ್ತು. ಅದನ್ನು ಎತ್ತಿಕೊಳ್ಳಲೂ ಇಲ್ಲ, ಕೆಸರಿನಲ್ಲಿ ಚಪ್ಪಲಿ ಬಿಟ್ಟು ತೆಪ್ಪದ ಕಡೆಗೆ ಓಡಿದಳು.

ನಾನು ಕೊಡೆ, ಚಪ್ಪಲಿ ಎರಡನ್ನೂ ಬಳಿದುಕೊಂಡು ಹಿಂದೆ ಓಡಿ ಒಂದು ಕಾಲು ತೆಪ್ಪದೊಳಗಿಡುವಷ್ಟರಲ್ಲಿ ಮರಿಯಪ್ಪ ಹುಟ್ಟು ಅಡ್ಡ ಹಿಡಿದ. "ನಿನ್ನ ಯಾರು ಕೂಗುದ್ರು?"

"ಮರಿಯಪ್ಪಣ್ಣ, ತಮಾಷೆ ಬೇಡ. ಇದೇ ಕೊನೇ ಸಲ ಅಂದ್ಯಲ್ಲ!"

"ಪದ್ಧತಿ ಅಂದ್ರೆ ಪದ್ಧತಿ." ತೆಪ್ಪ ಹೊರಟೇಹೋಯಿತು. ಭಾಗ್ಯಕ್ಕ ಹಿಂದಿರುಗಿ ನೋಡಲಿಲ್ಲ, ನೋಡಬೇಕೆಂದು ನನಗೂ ಅನ್ನಿಸಲಿಲ್ಲ. ತುಂತುರಿನಲ್ಲಿ ಅವಳ ಕೊಡೆ ಬಿಚ್ಚಿಕೊಂಡು, ಒಂದು ಕೈಯಲ್ಲಿ ಹೆಂಗಸರ ಚಪ್ಪಲಿ ಹಿಡಿದು, ಕೆಲಸ ಕಳೆದುಕೊಂಡ ತವರುಮನೆ ದಡದಲ್ಲಿ ನಿಂತಿತ್ತು. ಆಚೆ ಸಿದ್ದೇಗೌಡರು ಮೊಣಕಾಲಿನವರೆಗೆ ನೀರಿಗಿಳಿದು ತೆಪ್ಪದ ಅಂಚು ಹಿಡಿದದ್ದು ಕಂಡಿತು. ಅವಳು ಇಳಿದದ್ದು ಕಂಡಿತು. ಆಮೇಲೆ ಜನ ಮುತ್ತಿಕೊಂಡರು, ಏನೂ ಕಾಣಲಿಲ್ಲ.

ಮೂರು ಗಂಟೆಯ ಬಸ್ಸು ನನ್ನ ಬೆನ್ನಹಿಂದೆ ಹಾರನ್ ಹೊಡೆದು ಹೋಯಿತು. ನಡೆದುಕೊಂಡು ಸೇತುವೆಯ ಕಡೆ ಸುತ್ತಿ ಬರಬೇಕಷ್ಟೆ ಎಂದುಕೊಳ್ಳುತ್ತಿದ್ದಾಗ ಗಡ್ಡೆಯ ದಡದಲ್ಲಿ ಗುಂಪು ಎರಡಾಯಿತು. ನಡುವೆ ಅಪ್ಪ, ಮಗಳು ನಿಂತಿದ್ದರು. ಸಿದ್ದೇಗೌಡರು ಕೈಯನ್ನು ಬಾಯಿಗೆ ಅಡ್ಡ ಹಿಡಿದರು. ಬಂದದ್ದು ಅವರ ದನಿಯಲ್ಲ. ಮೂಗಿನಿಂದ ಹೊರಡುವ, ಅರ್ಧ ಪದ ನುಂಗುವ, ಕೊನೆಯಲ್ಲಿ ತಾನೇ ನಕ್ಕುಬಿಡುವ ಒಂದು ತೆಳು ದನಿ. ಯಾರದು ಎಂದು ಒಂದು ಗಳಿಗೆ ಗೊತ್ತಾಗಲಿಲ್ಲ. ದಡವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು ನೋಡಿ ಗೊತ್ತಾಯಿತು, ನನ್ನದೇ.

"ಮೂಲೆಮನೇ ಪಚ್ಚೀ... ತವರು ಕರೀತದೆ ಬಾರಪ್ಪೋ!"

ಮರಿಯಪ್ಪ ಏರುತ್ತಿದ್ದ ನೀರನ್ನು ಬೈದುಕೊಳ್ಳುತ್ತಾ ತೆಪ್ಪವನ್ನು ಮತ್ತೆ ಈ ಕಡೆಗೆ ತಿರುಗಿಸಿದ.